ಎಡಗಡೆಯ ಕ್ರ್ಯಾಂಕ್

ಬೋಲ್ಟನ್ನು ಕೊನೆಯ ಸಲ ಬಿಗಿ ಮಾಡಿದ್ದೆನೋ, ಇಲ್ಲವೋ? ಸ್ಪ್ಯಾನರ್ ಕೈಗೆತ್ತಿಕೊಂಡದ್ದು ನೆನಪಿದೆ. ಆಗಲೇ ಕರೆಂಟು ಹೋಯಿತು, ಮಾಲೀಕರು ಏನೋ ಕೂಗಿದರು. ಆಮೇಲೆ ಕೈ ಒರೆಸಿಕೊಂಡದ್ದು ನೆನಪಿದೆ. ನಡುವಿನದು ಮಾತ್ರ ಇಲ್ಲ.

ಇದನ್ನೇ ತಲೆಯಲ್ಲಿ ತಿರುವಿ ತಿರುವಿ ಮೆಕ್ಯಾನಿಕ್ ಒಂದು ವಾರ ನಿದ್ದೆಗೆಟ್ಟಿದ್ದ. ಎಂಟನೆಯ ದಿನ ಬೆಳಿಗ್ಗೆ ನಮ್ಮ ಮೆಟ್ಟಿಲು ಹತ್ತಿ ಬಂದ. ಅವನಿದ್ದ ಸೈಕಲ್ ಅಂಗಡಿಯ ಮೇಲಿನ ಮನೆಯಲ್ಲೇ ನಾನೂ ನನ್ನ ಸೋದರತ್ತೆಯೂ ಇದ್ದೆವು. ಅತ್ತೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಬಿಡಿಭಾಗಗಳನ್ನು ಅಳೆದು ನಿವೃತ್ತರಾದವರು. ಬೀದಿಯವರು ತಮಗೆ ಬಗೆಹರಿಯದ್ದನ್ನೆಲ್ಲ ಅವರ ಮುಂದೆ ತಂದಿಡುತ್ತಿದ್ದರು. ಓದು ಮುಗಿಸಿ ಸುಮ್ಮನೆ ಕೂತಿದ್ದ ನಾನು ಅವರ ಅಳತೆಯ ಟೇಪು ಹಿಡಿಯುವವನು.

"ಟೀಚರಮ್ಮ ಬಿದ್ದಿದ್ದು ನನ್ನಿಂದಾನೇ ಅಂತಿದಾರೆ ಎಲ್ಲರೂ," ಎಂದ. ಕೂರು ಎಂದರೂ ಕೂರಲಿಲ್ಲ. "ಇವತ್ತು ಸಂಜೆ ಬೀಗದ ಕೈ ಒಪ್ಪಿಸಿ ಹೋಗು ಅಂದಿದಾರೆ ಮಾಲೀಕರು. ಇನ್ಯಾವ ಅಂಗಡಿಯವರು ನನ್ನ ಸೇರಿಸ್ಕೋತಾರೆ? ನಾನು ಬಿಗಿ ಮಾಡಿದ್ನೋ ಇಲ್ವೋ, ಅದನ್ನ ಹೇಗಾದ್ರೂ ಪತ್ತೆ ಮಾಡಿ."

ನಡೆದದ್ದು ಇಷ್ಟು. ಮನೆಪಾಠ ಹೇಳುವ ಟೀಚರ್ ಸೋಮವಾರ ಸೈಕಲ್ ತಂದಿದ್ದರು. ಎಡಗಡೆಯ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ಕಬ್ಬಿಣದ ತೋಳು, ತೂತು ಸವೆದು ಅಲುಗಾಡುತ್ತಿತ್ತು. ಒಂದೇ ತೋಳು ಬಿಡಿಯಾಗಿ ಸಿಗುವುದಿಲ್ಲ. ಇಡೀ ಸೆಟ್ ಕೊಳ್ಳಬೇಕು. ಅದರ ಬೆಲೆ, ಒಬ್ಬ ವಿದ್ಯಾರ್ಥಿಯ ಎರಡು ತಿಂಗಳ ಪಾಠದ ಹಣ. ಗೊಣಗಿ ಒಪ್ಪಿದರು. ಮೆಕ್ಯಾನಿಕ್ ಅಂದೇ ಹೊಸದನ್ನು ಕೂರಿಸಿಕೊಟ್ಟ. ಗುರುವಾರ ಇಳಿಜಾರಿನಲ್ಲಿ ಎಡ ತೋಳು ಕಳಚಿ, ಟೀಚರ್ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಕೆಳಗೆ ಮಾಲೀಕರು ಆ ಸೈಕಲ್ ಇಟ್ಟಿದ್ದ ಹಿಂದಿನ ಕೋಣೆಯ ಬಾಗಿಲು ತೆರೆದರು. "ಇವನು ಮುಟ್ಟೋ ಹಾಗಿಲ್ಲ. ಆಮೇಲೆ ತಿದ್ದಿದ ಅಂತಾರೆ."

ಕಳಚಿದ ತೋಳೂ ಬಲಗಡೆಯದೂ ಒಂದೇ ಸಮ ಮಿರಮಿರ ಹೊಳೆಯುತ್ತಿದ್ದವು. ಅತ್ತೆ ತೋಳು ಕೂರುವ ಚೌಕದ ಕಂಬಿಯನ್ನು ಬೆರಳಿನಿಂದ ಸವರಿದರು. ಬೆರಳು ಜಿಡ್ಡಾಯಿತು.

"ಇಲ್ಲಿಗೆ ಗ್ರೀಸ್ ಹಚ್ತೀಯಾ?"

"ಇಲ್ಲಮ್ಮ. ಒಣಗೇ ಕೂರಿಸ್ತೀನಿ, ಯಾವಾಗಲೂ."

"ಹಳೇ ಪಾರ್ಟು?"

"ಪೇಪರಲ್ಲಿ ಸುತ್ತಿ ಅವರಿಗೇ ಕೊಟ್ಟೆ. ಬದಲಾಯಿಸದೇ ದುಡ್ಡು ಹೊಡೆದ್ರು ಅನ್ನಬಾರದಲ್ಲ, ಅದಕ್ಕೆ ಎಲ್ಲರಿಗೂ ವಾಪಸ್ ಕೊಡ್ತೀವಿ."

ಅತ್ತೆ ನನ್ನ ಕೈಯಲ್ಲಿ ಎರಡೂ ತೋಳುಗಳನ್ನು ಅಳೆಸಿದರು. ಬಲಗಡೆಯದು ಹದಿನೇಳು ಸೆಂಟಿಮೀಟರ್, ಎಡಗಡೆಯದು ಹದಿನಾರೂವರೆ. ಟೇಪು ಸರಿಯಾಗಿ ಹಿಡಿದಿಲ್ಲವೇನೋ ಎಂದುಕೊಂಡು ನಾನು ಸುಮ್ಮನಿದ್ದೆ. ಎಡ ಪೆಡಲಿನ ಮರೆಗಳನ್ನು, ಅಂದರೆ ತಿರುಪಿನ ಸುರುಳಿಗೆರೆಗಳನ್ನು, ಭೂತಗನ್ನಡಿಯಲ್ಲಿ ನೋಡಿ ಅತ್ತೆ, "ಒಂದು ಗೀರೂ ಇಲ್ಲ," ಎಂದರು.

ಟೀಚರ್ ಮನೆ ಎರಡು ಬೀದಿ ಆಚೆ. ಬಾಗಿಲು ಸದ್ದಿಲ್ಲದೆ ತೆರೆಯಿತು. ಕೀಲುಗಳಲ್ಲಿ ಗ್ರೀಸ್ ಮಿನುಗುತ್ತಿತ್ತು. ಅವರ ಗಂಡ ಔಷಧಿ ಅಂಗಡಿಯಲ್ಲಿ ಲೇಬಲ್ ಅಂಟಿಸುವವರು. ಹಿಂದೆ ಪ್ರೆಸ್ಸಿನಲ್ಲಿ ಯಂತ್ರ ಓಡಿಸುತ್ತಿದ್ದ ಟೀಚರ್ ಮಾವ ಕಿಟಕಿಯ ಬಳಿ ಹಳೆಯ ಫ್ಯಾನು ಬಿಚ್ಚಿಕೊಂಡು ಕೂತಿದ್ದರು.

"ಅವನನ್ನ ಸುಮ್ನೆ ಬಿಡಲ್ಲ ನಾನು," ಎಂದರು ಗಂಡ.

"ನೀನು ಸ್ಕ್ರೂ ಯಾವ ಕಡೆ ತಿರುಗುತ್ತೆ ಅನ್ನೋದನ್ನ ಮೊದಲು ಕಲಿ," ಎಂದರು ಮಾವ, ತಲೆಯೆತ್ತದೆ.

ಅತ್ತೆ ಟೀಚರನ್ನು ಕೇಳಿದರು. "ಹೊಸದು ಹಾಕಿಸಿದ ಮೇಲೆ ಸೈಕಲ್ ಹೇಗಿತ್ತು?"

"ಮೊದಲೆರಡು ದಿನ ಬೆಣ್ಣೆ ಹಾಗೆ. ಬಿದ್ದ ದಿನ ಮಾತ್ರ ಬೆಳಿಗ್ಗೆಯಿಂದಲೇ ಏನೋ ಕುಂಟು. ಒಂದು ಕಾಲು ರಸ್ತೇಲಿ, ಒಂದು ಕಾಲು ಫುಟ್‌ಪಾತ್ ಮೇಲೆ ಇಟ್ಕೊಂಡು ನಡೆದ ಹಾಗೆ."

ಸಂಜೆ ಅತ್ತೆ ಎಲ್ಲರನ್ನೂ ಅಂಗಡಿಗೆ ಕರೆಸಿದರು. ಮೆಕ್ಯಾನಿಕ್ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತಿದ್ದ.

"ಟೇಪು ಸುಳ್ಳು ಹೇಳಿರಲಿಲ್ಲ," ಎಂದು ಅತ್ತೆ ನನ್ನತ್ತ ನೋಡಿ ಶುರು ಮಾಡಿದರು. "ಒಂದೇ ಸೆಟ್ಟಿನ ಎರಡು ತೋಳು ಉದ್ದಗಿಡ್ಡ ಇರಲ್ಲ. ಕಳಚಿ ಬಿದ್ದದ್ದು ಹೊಸದಲ್ಲ, ಉಜ್ಜಿ ಹೊಳಪು ಮಾಡಿದ ಹಳೇದು."

"ಹಾಗಾದ್ರೆ ಇವನೇ ಮೋಸ ಮಾಡಿದಾನೆ!" ಎಂದರು ಗಂಡ.

"ತಡ್ಕೊಳ್ಳಪ್ಪ. ಎರಡು ದಿನ ನಿನ್ನ ಹೆಂಡತಿಗೆ ಕುಂಟು ಗೊತ್ತಾಗಿಲ್ಲ. ಅಂದ್ರೆ ಅಂಗಡಿ ಬಿಟ್ಟಾಗ ಎರಡೂ ಹೊಸದೇ. ಬುಧವಾರ ಸಂಜೆ ಆದಮೇಲೆ ಯಾರೋ ಬದಲಾಯಿಸಿದಾರೆ. ಹಳೇದು ಇದ್ದದ್ದು ನಿಮ್ಮನೇಲಿ. ಎಡ ಪೆಡಲ್ ಬೇರೆಲ್ಲ ಸ್ಕ್ರೂಗಳಿಗೆ ಉಲ್ಟಾ ತಿರುಗುತ್ತೆ. ತಿಳಿಯದವರು ಬಿಚ್ಚೋಕೆ ಹೋಗಿ ಮರೆ ಹಾಳು ಮಾಡ್ತಾರೆ. ಇದನ್ನ ಬಿಚ್ಚಿದ್ದು ಕೆಲಸ ಬಲ್ಲ ಕೈ. ಆದ್ರೆ ಸೈಕಲ್ ಕೆಲಸದ ಕೈಯಲ್ಲ, ಯಂತ್ರದ ಕೈ. ಕಂಬಿ ಕಂಡಲ್ಲೆಲ್ಲ ಗ್ರೀಸ್ ಹಚ್ಚೋ ಅಭ್ಯಾಸ ಅದಕ್ಕೆ. ಬಾಗಿಲ ಕೀಲನ್ನೂ ಬಿಟ್ಟಿಲ್ಲ."

ಮಾವ ಎದ್ದು ಹೊರಗೆ ಹೋದರು. ಕಾಲು ಗಂಟೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹೊಸ ತೋಳಿನೊಂದಿಗೆ ಬಂದು ಅದನ್ನು ಮೇಜಿನ ಮೇಲಿಟ್ಟರು.

"ಒಂದು ತೋಳು ಸವೆದದ್ದಕ್ಕೆ ಇಡೀ ಸೆಟ್ಟಾ?" ಎಂದರು. ದನಿ ಜಗಳಕ್ಕೆ ಬಂದವರದು. "ಸವೆದ ತೂತಿಗೆ ತಗಡಿನ ಚೂರು ಕೊಟ್ಟು ಹಳೇದನ್ನೇ ಕೂರಿಸಿದೆ. ಪ್ರೆಸ್ ಮಷೀನನ್ನೇ ಎಂಟು ವರ್ಷ ಹಾಗೆ ಓಡ್ಸಿದೀನಿ. ತಿಂಗಳು ಓಡಿದ ಮೇಲೆ ಹೊಸದನ್ನ ತೋರಿಸಿ, ನೋಡು, ರಿಪೇರಿ ಆಗಲ್ಲ ಅಂದ್ರಲ್ಲ, ಅಂತ ನಗಬೇಕು ಅಂದ್ಕೊಂಡಿದ್ದೆ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮಾವ?" ಎಂದರು ಟೀಚರ್. ಪಟ್ಟಿ ಕಟ್ಟಿದ ಕೈಯನ್ನು ಅವರ ಮುಂದೆ ಚಾಚಿದರು.

"ಕೇಳಿದ್ರೆ ನೀನು ಬೇಡ ಅಂತಿದ್ದೆ. ನನ್ನದೇ ತಪ್ಪಮ್ಮ."

ಆಗ ಮೆಕ್ಯಾನಿಕ್ ಬಾಯಿಬಿಟ್ಟ. "ನೀವು ಬಿಚ್ಚುವಾಗ... ಬೋಲ್ಟ್ ಹೇಗಿತ್ತು?"

ಮಾವ ಅವನನ್ನು ನೋಡಲಿಲ್ಲ. "ಅಲ್ಲಾಡ್ಲೇ ಇಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತ್ಕೋಬೇಕಾಯ್ತು."

ಮೆಕ್ಯಾನಿಕ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮಾಲೀಕರು ಗಂಟಲು ಸರಿಮಾಡಿಕೊಂಡು, ನಾಳೆ ಬೇಗ ಬಾ, ಕೆಲಸ ಬಿದ್ದಿದೆ, ಎಂದರು.

ಆಮೇಲೆ ಮಾವ ದಿನಾ ಅಂಗಡಿಗೆ ಬರತೊಡಗಿದರು. ಸ್ಟೂಲಿನ ಮೇಲೆ ಕೂತು ಹಳೆಯ ಬೇರಿಂಗ್ ಗುಂಡುಗಳನ್ನು ಆರಿಸಿಕೊಟ್ಟರು, ಬಿಡಿಭಾಗ ಮಾರುವವರನ್ನು ಬೈದರು, ಮೆಕ್ಯಾನಿಕ್‌ನ ಕೈಚಳಕವನ್ನು ಬಂದ ಗಿರಾಕಿಗಳಿಗೆಲ್ಲ ಹೊಗಳಿದರು. ಮನೆಯಲ್ಲಿ ಸೊಸೆಯ ಬಳಿ ಎಷ್ಟೋ ಸಲ ಕ್ಷಮೆ ಕೇಳಿದರಂತೆ. ಮೆಕ್ಯಾನಿಕ್‌ಗೆ ಮಾತ್ರ ಅವರು ತಪ್ಪಾಯಿತು ಎಂದು ಎಂದೂ ಹೇಳಲಿಲ್ಲ.