ಅಕ್ಕನಿಗೂ ಕಾಣದ ಗುಪ್ತಕೋಶ

ಅಂಬಕ್ಕನ ಮನೆಯ ನವರಾತ್ರಿ ಪಂಕ್ತಿಯಲ್ಲಿ ಅವಳ ತಮ್ಮ ಜಯತೀರ್ಥ ಎರಡನೆಯ ಹೋಳಿಗೆ ಹಾಕಿಸಿಕೊಂಡಾಗ, ಅವನುಟ್ಟ ಮಡಿಪಂಚೆಯೊಳಗೆ ಗುಪ್ತಕೋಶ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು.

ಕರುಳಿನ ತುದಿಗೆ ಕ್ಯಾನ್ಸರ್ ಬಂದರೆ ಆ ಭಾಗ ತೆಗೆದು, ಉಳಿದ ಕರುಳಿಗೆ ಹೊಟ್ಟೆಯ ಮೇಲೆಯೇ ಬಾಯಿ ಮಾಡುತ್ತಾರೆ. ಮೊದಲೆಲ್ಲ ಅದಕ್ಕೊಂದು ಚೀಲ ಅಂಟಿಸುತ್ತಿದ್ದರು. ಸೋರೀತು, ನಾತ ಬಂದೀತು ಎಂಬ ಅಂಜಿಕೆಯಲ್ಲಿ ಎಷ್ಟೋ ಜನ ಮದುವೆ ಮುಂಜಿ ಬಿಟ್ಟು ಮನೆ ಹಿಡಿದು ಕೂತರು, ಪಾಪ. ಗುಪ್ತಕೋಶ ಹಾಗಲ್ಲ. ಅಂಗೈಯಗಲದ ಈ ಸಾಧನದೊಳಗಿನ ಸೂಕ್ಷ್ಮಜೀವಿಗಳು ಮಲವನ್ನು ಒಣಪುಡಿ ಮಾಡುತ್ತವೆ, ವಾಸನೆಯನ್ನೂ ನುಂಗುತ್ತವೆ.

"ಬಾಜೂಕ ಕೂತವರಿಗೂ ಗೊತ್ತಾಗೂದಿಲ್ಲ ನೋಡ್ರಿ," ಎಂದು ಆಪರೇಶನ್ನಿಗೆ ಮೊದಲು ಜಯತೀರ್ಥನಿಗೆ ಹೇಳಿದ್ದರು ಅದನ್ನು ರೂಪಿಸಿದ ವಿಜ್ಞಾನಿ ನಫೀಸಾ ಕಿತ್ತೂರ.

"ಅಷ್ಟಾದ್ರ ಸಾಕ್ರಿ. ನಮ್ಮಕ್ಕನ ಮಡಿ ಭಾಳ ಕಡಕ್. ಗೊತ್ತಾದ್ರ ನನ್ನ ದೇವರಮನಿ ಹೊಸ್ತಿಲಾ ದಾಟಸೂದಿಲ್ಲ ಆಕಿ."

ಜಯತೀರ್ಥ ತನ್ನ ಕ್ಯಾನ್ಸರ್ ಮುಚ್ಚಿಟ್ಟು, ಮೂಲವ್ಯಾಧಿಯ ಆಪರೇಶನ್ ಎಂದು ಮನೆಯಲ್ಲಿ ಸುಳ್ಳು ಹೇಳಿದ. ಅಕ್ಕನ ಮನೆಯ ಪೂಜೆಯನ್ನು ವರ್ಷವರ್ಷವೂ ತಾನೇ ಮಾಡಿದ. ಗುಟ್ಟಿನ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಅದೇ ಹಾಳು ರೋಗ ಅಂಬಕ್ಕನಿಗೂ ಬಂತು. ಆಪರೇಶನ್ ಮಾಡಿಸಿದರೆ ಉಳಿಯುತ್ತೀರಿ ಎಂದು ಡಾಕ್ಟರು ಗುಪ್ತಕೋಶದ ಚಿತ್ರವನ್ನೂ ತೋರಿಸಿದರಂತೆ. ಒಲ್ಲೆನೆಂದು ಎದ್ದು ಬಂದ ಅವಳೂ ಯಾರಿಗೂ ಹೇಳಲಿಲ್ಲ. ಅಕ್ಕತಮ್ಮಂದಿರ ಹಣೆಬರಹ ನೋಡಿ! ಸುದ್ದಿ ಜಯತೀರ್ಥನ ಕಿವಿಗೆ ಬೀಳುವಷ್ಟರಲ್ಲಿ ರೋಗ ಯಕೃತ್ತಿಗೂ ಹರಡಿ ಕೈಮೀರಿತ್ತು.

"ಯಾಕ ಒಲ್ಲೆ ಅಂದಿ, ಅಕ್ಕಾ?" ಹಾಸಿಗೆಯ ಬಳಿ ಕೂತು ಕೇಳಿದ.

"ಯಾರಿಗೂ ಕಾಣೂದಿಲ್ಲ ಅಂದ್ರು. ದೇವರಿಗೆ ಕಾಣೂದಿಲ್ಲೇನು? ಹೊಲಸು ಕಟ್ಟಿಕೊಂಡು ನೈವೇದ್ಯ ಹೆಂಗ ಮಾಡ್ಲೋ? ಹಂಗ ಬದುಕಿದವರನ್ನ ನಾ ಒಬ್ಬರನ್ನರ ನೋಡೀನೇನು?"

ಜಯತೀರ್ಥನ ಎದೆ ಒಡೆದುಹೋಯಿತು. ಎದ್ದು ಬಾಗಿಲು ಮುಂದೆ ಮಾಡಿ, ಅಂಗಿ ಎತ್ತಿ ತೋರಿಸಿದ.

ಅಂಬಕ್ಕ ಬಹಳ ಹೊತ್ತು ನೋಡಿದಳು.

"ಇದನ್ನ ಕಟ್ಟಿಕೊಂಡು ನಮ್ಮನಿ ಪೂಜಿ ಮಾಡ್ದೇನು?"

"ಹೂಂ."

ಬೈಯುತ್ತಾಳೆಂದು ತಲೆ ತಗ್ಗಿಸಿದ. ಅವಳು ಮೆಲ್ಲಗೆ ಕೈ ಚಾಚಿ ಅದನ್ನು ಮುಟ್ಟಿದಳು.

"ನೋವಾಗ್ತದೇನೋ?"

"ಇಲ್ಲಕ್ಕಾ. ಉಣ್ತೀನಿ, ಈಸ್ತೀನಿ, ಎಲ್ಲಾ ಮಾಡ್ತೀನಿ."

"ಅಯ್ಯ ಹುಚ್ಚಾ," ಎಂದು ಅವನ ಕೈ ಹಿಡಿದು ಅತ್ತಳು ಅಂಬಕ್ಕ. "ನನ್ನ ಮುಂದ ಒಂದು ಮಾತು ಹೇಳಬಾರದಾಗಿತ್ತೇನೋ? ನಾನೂ ಬದುಕ್ತಿದ್ನಲ್ಲೋ, ಜಯಾ."