ಕೈ ಹಿಂದೆ ಕಟ್ಟಿಕೊಂಡವನು

"ತಪ್ಪು ಎಲ್ಲಿದೆ ಅಂತ ನಿಮಗೆ ಗೊತ್ತಾ?"

"ಗೊತ್ತು."

"ಮತ್ತೆ ಹೇಳಿ."

"ಹೇಳೂದಿಲ್ಲ."

ಹೀರಾ ದಂಗಾಗಿ ತಲೆಯೆತ್ತಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವನು ಆರಾಮಾಗಿ ನಿಂತಿದ್ದ. ರೋಹಿತ. ಕಿನ್ನರ ಎಂಬ ಊರಿನವನು, ಬಿ.ಸಿ.ಎ. ಮೂರನೇ ವರ್ಷ.

ಎಂಥ ಸೊಕ್ಕು ಇವನಿಗೆ...

೨೦೦೬ರ ಆಗಸ್ಟ್. ಹಾರವಾಡದಿಂದ ಕಾರವಾರದ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದ ಹೀರಾ ಕಂಪ್ಯೂಟರನ್ನು ಮೊದಲ ಸಲ ಮುಟ್ಟಿ ಆರು ವಾರವಷ್ಟೇ ಆಗಿತ್ತು. ಹತ್ತು ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ ಬರೆದಿದ್ದಳು. ಪರದೆಯ ಮೇಲೆ ಯಾರೂ ಟೈಪ್ ಮಾಡದ ಸಂಖ್ಯೆಯೊಂದು ಬಂದು ಕೂತಿತ್ತು.

"ಅವ್ನು ಹೇಳಬಾರ್ದು ಮಾರಾಯ್ತಿ, ಅದೇ ರೂಲು," ಪಕ್ಕದ ನೀತಾ ಪಿಸುಗುಟ್ಟಿದಳು. "ಕೀಬೋರ್ಡೂ ಮುಟ್ಟಬಾರ್ದು. ನಾವೇ ಹುಡುಕಬೇಕು. ಹುಡುಕಿದವ್ರು ಇನ್ನೊಬ್ಬರಿಗೆ ತಿಳಿಸಿ ಹೇಳಬೇಕು."

ಅದು ಕಲಾವತಿ ಮೇಡಂ ಕಟ್ಟಿದ ಶನಿವಾರದ ಗುಂಪು. ಏಳು ಹುಡುಗಿಯರು, ಲ್ಯಾಬಿನ ಬಾಗಿಲ ಮೇಲೆ ಅವರ ಏಳು ಹೆಸರಿನ ಪಟ್ಟಿ, ಒಂದು ಕಂಪ್ಯೂಟರ್, ಪಾಠ ಹೇಳದ ಒಬ್ಬ ಲೀಡರ್.

"ಹುಡುಗಿಯರ ಗುಂಪಿಗೆ ಗಂಡು ಲೀಡರ್ ಯಾಕೆ?" ಹೀರಾ ಸಿಟ್ಟಿನಿಂದಲೇ ಕೇಳಿದಳು.

"ನಮ್ಮ ಕ್ಲಾಸಿಗೆ ಹನ್ನೊಂದು ಹುಡುಗಿಯರು ಸೇರಿದ್ರು," ರೋಹಿತ ಹೇಳಿದ. "ಎಲ್ಲಾರೂ ಬಿಟ್ಟು ಹೋದ್ರು, ಈಗ ಒಬ್ಬಳೂ ಇಲ್ಲ."

ಹನ್ನೊಂದರಲ್ಲಿ ಒಬ್ಬಳೂ ಇಲ್ಲವೇ?

"ನಿಮ್ಮನೇಲಿ ಏನಾದ್ರೂ ಸಣ್ಣದು, ದೊಡ್ಡದು ನೋಡಿ ಜೋಡಿಸ್ತಾರಾ?" ಅವನು ಕೇಳಿದ.

"ಬಂಗಡೆ ಮೀನು."

ಗುಂಪಿನ ಇಬ್ಬರು ಹುಡುಗಿಯರು ನಕ್ಕರು. ಅವನು ನಗಲಿಲ್ಲ.

"ಹೇಗೆ?"

"ಅವ್ವ ಒಂದನ್ನ ಪಕ್ಕದ್ದರ ಜೊತೆ ಹಿಡಿದು ನೋಡ್ತಾಳೆ. ದೊಡ್ಡದಾದ್ರೆ ಆಚೆ ಇಡ್ತಾಳೆ."

"ಕೊನೇ ಮೀನನ್ನ ಯಾವುದರ ಜೊತೆ ಹಿಡೀತಾಳೆ?"

"ಅದರ ಪಕ್ಕ ಮೀನೇ ಇಲ್ವಲ್ಲ..."

ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಹತ್ತೇ ಮೀನಿರುವಾಗ ಅವಳ ಪ್ರೋಗ್ರಾಂ ಹನ್ನೊಂದನೆಯದನ್ನು ಹುಡುಕುತ್ತಿತ್ತು! ಒಂದು ಅಂಕೆ ತಿದ್ದಿದಳು. ಹತ್ತೂ ಸಂಖ್ಯೆ ಸಾಲಾಗಿ ನಿಂತವು. ಆಮೇಲೆ ನಕ್ಕವರಿಬ್ಬರಿಗೂ ಅವಳೇ ವಿವರಿಸಿದಳು.

ಆ ದಿನದಿಂದ ಅವಳು ಶನಿವಾರಕ್ಕಾಗಿ ಕಾದಳು. ಪಾಠಕ್ಕೋ, ಬೆನ್ನ ಹಿಂದಿನ ಆ ಎರಡು ಕೈಗಳಿಗೋ... ಅವಳನ್ನು ಕೇಳಿದ್ದರೆ ಪಾಠಕ್ಕೆ ಎನ್ನುತ್ತಿದ್ದಳು. ಸುಳ್ಳು.

ಜನವರಿಯ ಒಂದು ಶನಿವಾರ ಹಾರವಾಡದ ದಡಕ್ಕೆ ಬಂಗಡೆಯ ಹಿಂಡು ಬಂತು. ಅಂಥ ದಿನ ಊರಿಗೆ ಊರೇ ಹೋಗಿ ರಂಪಣಿ ಬಲೆಯ ಹಗ್ಗ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲುಂಟು. ಹೀರಾ ಕಾಲೇಜಿಗೆ ಹೋಗಲಿಲ್ಲ.

ಸೋಮವಾರ ಲ್ಯಾಬಿನ ಬಾಗಿಲಿಗೆ ಗುಂಪಿನ ಹೊಸ ಪಟ್ಟಿ ಅಂಟಿಸಿದ್ದರು. ರೋಹಿತನ ಅಕ್ಷರ. ಮೇಲಿಂದ ಕೆಳಗೆ ಓದಿದಳು. ಕೆಳಗಿನಿಂದ ಮೇಲಕ್ಕೂ ಓದಿದಳು. ಆರು ಹೆಸರುಗಳಿದ್ದವು. ಅವಳದ್ದಿರಲಿಲ್ಲ.

ವರಾಂಡದ ತುದಿಯಲ್ಲಿ ಅವನು ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಒಂದೇ ಒಂದು ಶನಿವಾರ ತಪ್ಪಿಸಿದ್ದಕ್ಕಾ...

ಸಿಕ್ಕಿದ ಬಸ್ಸು ಹತ್ತಿ ಮನೆಗೆ ಹೋದಳು.

"ಬಿಡೂದಾದ್ರೆ ಬಿಡು," ಅವ್ವ ಮೀನಿನ ಬುಟ್ಟಿ ತೊಳೆಯುತ್ತಲೇ ಅಂದಳು. "ನಾಳಿಂದ ನನ್ ಸಂಗ್ತಿ ಅಂಕೋಲೆ ಪೇಟೆಗೆ ಬಾ. ಮೀನು ಮಾರೂಕೆ ಕಂಪೀಟರ್ ಬೇಡ."

ನಾಲ್ಕು ದಿನ ಹೀರಾ ಮೀನು ಮಾರಿದಳು. ಶನಿವಾರ ಕಾಲೇಜಿಗೆ ಬಂದವಳು, ಟಿ.ಸಿ. ಅರ್ಜಿ ತುಂಬಿ, ಕಲಾವತಿ ಮೇಡಂ ಸಹಿಗಾಗಿ ಲ್ಯಾಬಿನ ಬಾಗಿಲು ತಳ್ಳಿದಳು.

ಆರೂ ಹುಡುಗಿಯರು ಒಟ್ಟಿಗೆ ತಿರುಗಿದರು. ರೋಹಿತ ಕೂರುತ್ತಿದ್ದ ಸ್ಟೂಲು ಖಾಲಿಯಿತ್ತು.

"ಎಂತದೆ ಮಾರಾಯ್ತಿ," ನೀತಾ ರೇಗಿದಳು. "ಲೀಡರ್ ಆದ ಮೊದಲನೇ ದಿನಾನೇ ಲೇಟಾ?"

"ಯಾರು... ಲೀಡರ್?"

"ರೋಹಿತನಿಗೆ ಪ್ರಾಜೆಕ್ಟ್ ಶುರುವಾಯ್ತು," ಮೇಡಂ ಹೇಳಿದರು. "ಹೋದ ಶನಿವಾರ ಇವರೆಲ್ಲ ಚೀಟಿ ಬರೆದರು. ಆರು ಚೀಟಿಯಲ್ಲೂ ನಿನ್ನ ಹೆಸರು."

"ಮತ್ತೆ ಪಟ್ಟೀಲಿ..."

"ಅದು ಕಲಿಯುವವರ ಪಟ್ಟಿ. ಲೀಡರ್ ಹೆಸರು ಅದರಲ್ಲಿ ಯಾವತ್ತು ಇತ್ತು?"

ಇರಲಿಲ್ಲ. ಐದು ತಿಂಗಳು ದಿನವೂ ಕಂಡ ಪಟ್ಟಿ! ಆರು ಜನ ಅವಳೇ ಬೇಕೆಂದು ಬರೆದಿದ್ದರು. ಅವಳು ಬುಟ್ಟಿ ಹೊತ್ತಿದ್ದಳು.

ಅರ್ಜಿ ಹಿಡಿದೇ ಹೀರಾ ಹೊರಗೆ ಬಂದಳು. ರೋಹಿತ ವರಾಂಡದ ಅದೇ ತುದಿಯಲ್ಲಿದ್ದ.

"ಸೋಮವಾರ ನನ್ನ ಮುಖ ನೋಡಿದ್ರಿ ತಾನೇ?"

"ನೋಡ್ದೆ."

"ಯಾಕೆ ಹೇಳ್ಲಿಲ್ಲ?"

"ನೀನೇ ತಿಳ್ಕೊಳ್ತಿ ಅಂದ್ಕಂಡೆ. ಯಾವಾಗ್ಲೂ ತಿಳ್ಕೊಳ್ತಿ ಅಲ್ದಾ?"

ಅವಳು ಅರ್ಜಿಯನ್ನು ಅವನ ಮುಖಕ್ಕೆ ಹಿಡಿದಳು. ಅವನು ಓದಿದ. ಬೆನ್ನ ಹಿಂದಿನ ಕೈಗಳು ತಾವಾಗಿ ಮುಂದೆ ಬಂದವು.

"ಇಷ್ಟಾಗ್ತದೆ ಅಂತ ಗೊತ್ತಿರ್ಲಿಲ್ಲ ಹೀರಾ," ಅವನು ಅಂದ. "ಹೇಳದೇ ಹೇಳದೇ ರೂಢಿಯಾಗಿ... ಹೇಳಬೇಕಾದ್ದೂ ಬಾಯಿಗೆ ಬರೂದಿಲ್ಲ."

"ಹೇಳಬೇಕಾದ್ದು ಎಂತದು?"

"ನಿಂಗೆ ಗೊತ್ತುಂಟಲ್ಲ."

ಹೀರಾ ಅರ್ಜಿಯನ್ನು ಮಡಚಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಗೊತ್ತು. ಹೇಳೂದಿಲ್ಲ."

ಅವನು ನೆಲ ನೋಡಿದ. ಲ್ಯಾಬಿನ ಬಾಗಿಲಲ್ಲಿ ಇಣುಕುತ್ತಿದ್ದ ನೀತಾಳನ್ನು ನೋಡಿದ. ಕೊನೆಗೆ ಹೀರಾಳನ್ನು.

"ನಾಲ್ಕು ದಿನ ಹಾರವಾಡದ ಬಸ್ಸು ಬಂದಾಗೆಲ್ಲ ಸ್ಟ್ಯಾಂಡಲ್ಲಿ ನಿಂತಿದ್ದೆ. ಕ್ಲಾಸಿಗೂ ಹೋಗ್ಲಿಲ್ಲ. ನಂಗೆ ನೀನು ಬೇಕು."

ಹೀರಾಳ ಕಣ್ಣು ತುಂಬಿತು. ಆದರೂ ಕೈ ಬಿಚ್ಚಲಿಲ್ಲ.

"ಉತ್ತರ ಸರಿಯಾಗಿದೆ," ಅಂದಳು. "ಇನ್ನು ರೂಲ್ ಪ್ರಕಾರ ಇನ್ನೊಬ್ಬರಿಗೆ ತಿಳಿಸಿ ಹೇಳಬೇಕು."

"ಯಾರಿಗೆ?"

"ನಮ್ಮವ್ವಂಗೆ. ಬೆಳಿಗ್ಗೆ ಅಂಕೋಲೆ ಪೇಟೇಲಿ ಇರ್ತಾಳೆ. ಕೈಯಲ್ಲಿ ಕತ್ತಿ ಇರ್ತದೆ, ಹೆದರಬೇಡಿ. ಮೀನು ಕೊಯ್ಯೂಕೆ."

ಈಗ ದಂಗಾಗುವ ಸರದಿ ರೋಹಿತನದ್ದು.

"ನೀನೂ ಬರ್ತಿ ಅಲ್ದಾ?"

"ಬರ್ತೇನೆ. ಪಕ್ಕದಲ್ಲೇ ನಿಲ್ತೇನೆ," ಅವಳು ಲ್ಯಾಬಿನ ಖಾಲಿ ಸ್ಟೂಲಿನ ಕಡೆ ಹೊರಟಳು. "ಏನೂ ಹೇಳೂದಿಲ್ಲ."