ಶ್ವೇತಶಿಲೆಯ ಶರಭ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಶ್ವೇತಶಿಲೆ ಎಂಬ ರಾಜ್ಯವಿತ್ತು. ಅಲ್ಲಿ ನ್ಯಾಯ ಹೇಳುತ್ತಿದ್ದುದು ಮನುಷ್ಯರಲ್ಲ, ಒಂದು ಶರಭ. ಸಿಂಹದ ಮೈ, ಹದ್ದಿನ ರೆಕ್ಕೆ. ಆರೋಪ ಹೊತ್ತವನನ್ನು ಸರಪಳಿಯಲ್ಲಿ ಬಿಗಿದು ಅದರ ಮುಂದೆ ನಿಲ್ಲಿಸಬೇಕು. ಶರಭ ಮೂರು ಸಲ ಗರ್ಜಿಸಿದರೆ ಅವನು ಅಪರಾಧಿ, ನಿಂತಲ್ಲೇ ಕಲ್ಲಾಗುತ್ತಿದ್ದ. ನಲವತ್ತು ವರ್ಷಗಳಲ್ಲಿ ಅದು ಒಬ್ಬರನ್ನೂ ಬಿಟ್ಟಿರಲಿಲ್ಲ. ನಮ್ಮ ಕಾವಲುಗಾರರು ತಪ್ಪು ಮನುಷ್ಯನನ್ನು ಹಿಡಿಯುವುದೇ ಇಲ್ಲ ಎಂದು ಜನ ಬೀಗುತ್ತಿದ್ದರು. ಶರಭವನ್ನು ತಂದವನು ಮಾಂತ್ರಿಕ ಕರಾಳದತ್ತ. ಒಂದೊಂದು ಕಲ್ಲಿಗೂ ಅವನ ಆಯುಸ್ಸು ಒಂದೊಂದು ವರ್ಷ ಬೆಳೆಯುತ್ತಿತ್ತು. ಇದು ಯಾರಿಗೂ ತಿಳಿದಿರಲಿಲ್ಲ.

ಒಂದು ದಿನ ರಾಣಿಯ ಮುತ್ತಿನ ಸರ ಕಾಣೆಯಾಯಿತು. ಅರಮನೆಯ ದೀಪ ಹಚ್ಚುವ ಬೀರನನ್ನು ಹಿಡಿದು, ದೊರೆಯೂ ಮಾಂತ್ರಿಕನೂ ಕುಳಿತಿದ್ದ ಶರಭದ ಅಂಗಳಕ್ಕೆ ತಂದರು. ಅವನ ತಾಯಿ, ಕುದುರೆ ಲಾಯದ ದ್ಯಾವಮ್ಮ, ಸೆರಗಿಗೆ ಅಂಟಿದ ಹುಲ್ಲನ್ನೂ ಕೊಡವದೆ ಓಡಿಬಂದಳು.

ಬೀರ ಸರಪಳಿ ಎಳೆಯುತ್ತ ಹೆಜ್ಜೆಯಿಟ್ಟ. ಶರಭ ಗರ್ಜಿಸಿತು. ಅವನ ಪಾದಗಳು ಕಲ್ಲಾದವು.

"ದೊರೆಯೇ, ದೂರು ಏನೆಂದು ಅವನಿಗಾದರೂ ಹೇಳಿದಿರಾ?" ಎಂದಳು ದ್ಯಾವಮ್ಮ.

"ಶರಭಕ್ಕೆ ಗೊತ್ತಲ್ಲ, ಸಾಕು," ಎಂದ ಮಾಂತ್ರಿಕ.

ಬೀರ ತಾಯಿಯತ್ತ ಹೊರಳಿದ. ಸರಪಳಿ ಝಣಗುಟ್ಟಿತು. ಶರಭ ಮತ್ತೆ ಗರ್ಜಿಸಿತು. ಸೊಂಟದವರೆಗೆ ಕಲ್ಲಾದ.

"ಅವನ ಮಾತನ್ನಾದರೂ ಕೇಳಿ!"

"ಲದ್ದಿ ಬಾಚುವವಳು ನ್ಯಾಯ ಕಲಿಸಲು ಬಂದಳೇ?" ಮಾಂತ್ರಿಕ ನಕ್ಕ.

"ಅವ್ವಾ, ಮನೆಗೆ ಹೋಗು. ಇದನ್ನು ನೀನು ನೋಡಬೇಡ," ಎಂದ ಬೀರ.

ದ್ಯಾವಮ್ಮ ಹೋಗಲಿಲ್ಲ. ಅವಳ ದೃಷ್ಟಿ ಶರಭದ ಕಿವಿಗಳ ಮೇಲಿತ್ತು. ಮೂವತ್ತು ವರ್ಷ ಕುದುರೆ ಸಾಕಿದವಳು. ಸರಪಳಿ ಸದ್ದಾದಾಗಲೆಲ್ಲ ಆ ಕಿವಿಗಳು ಹಿಂದಕ್ಕೆ ಮಡಚಿಕೊಳ್ಳುತ್ತಿದ್ದವು. ಕತ್ತಿನ ಸುತ್ತ ಕೂದಲು ಬೆಳೆಯದ ಹಳೆಯ ಗಾಯವಿತ್ತು. ಇದು ಕೋಪವಲ್ಲ, ಭಯ.

"ಅಲುಗಬೇಡ, ಮಗಾ. ಉಸಿರನ್ನೂ ಮೆಲ್ಲಗೆ ಬಿಡು," ಎಂದು ಹೇಳಿ ದೊರೆಯತ್ತ ತಿರುಗಿದಳು. "ಮಹಾಪ್ರಭು, ಒಂದು ಸರಪಳಿಯನ್ನು ನೀವೇ ಹಿಡಿದು ಅಲ್ಲಾಡಿಸಿ. ನೀವಂತೂ ಕಳ್ಳರಲ್ಲವಷ್ಟೆ?"

ಮಾಂತ್ರಿಕನ ಮುಖ ಬಿಳಿಚಿಕೊಂಡಿತು. ದೊರೆ ಸರಪಳಿ ಎತ್ತಿದ. ಶರಭ ಅವನತ್ತ ಗರ್ಜಿಸಿತು. ದೊರೆಯ ಪಾದಗಳು ಕಲ್ಲಾದವು.

"ನಾನೇನೂ ಮಾಡಿಲ್ಲ!" ಎಂದು ದೊರೆ ಕೂಗಿದ.

"ಕಲ್ಲಾದವರೂ ಇದನ್ನೇ ಹೇಳುತ್ತಿದ್ದರು, ದೊರೆಯೇ. ಕೇಳುವವರಿರಲಿಲ್ಲ."

ದೊರೆ ತಲೆ ತಗ್ಗಿಸಿದ. ಬೀರನದೂ ಸೇರಿ ಸರಪಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ, ಸದ್ದಾಗದಂತೆ ಹೊರಗೆ ಸಾಗಿಸಿದರು. ದ್ಯಾವಮ್ಮ ಶರಭದ ಬಳಿ ಕುಳಿತು ಆ ಗಾಯದ ಸುತ್ತ ಮೆಲ್ಲಗೆ ತುರಿಸಿದಳು. ಅದು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಿತು. ಕಣ್ಣೀರು ನೆಲಕ್ಕೆ ಬಿದ್ದದ್ದೇ ತಡ, ಬೀರನ ಕಾಲು ಬೆಚ್ಚಗಾಯಿತು, ದೊರೆಯ ಕಾಲು ಬೆಚ್ಚಗಾಯಿತು, ಅಂಗಳದಲ್ಲಿ ಕಲ್ಲಾಗಿ ನಿಂತಿದ್ದವರೆಲ್ಲ ಉಸಿರಾಡಿದರು. ಕದ್ದ ಆಯುಸ್ಸು ಕಳಚಿ, ಮಾಂತ್ರಿಕ ಗೂನುಬೆನ್ನಿನ ಮುದುಕನಾದ.

ಕಾವಲುಗಾರರು ಅವನನ್ನು ಬಿಗಿಯಲು ಹಗ್ಗ ತಂದರು.

"ಬೇಡ," ಎಂದಳು ದ್ಯಾವಮ್ಮ. "ಮೊದಲು ದೂರು ಹೇಳಿ. ಅವನ ಮಾತನ್ನೂ ಕೇಳಿ. ತೀರ್ಪು ಆಮೇಲೆ."

ಹಾಗೆಯೇ ನಡೆಯಿತು. ಮಾಂತ್ರಿಕ ಮೂರು ದಿನ ಮಾತಾಡಿದ, ಕಲ್ಲಾಗಿದ್ದವರೂ ಮಾತಾಡಿದರು. ನಾಲ್ಕನೆಯ ದಿನ ಅವನಿಗೆ ಗಡೀಪಾರಾಯಿತು. ಮುತ್ತಿನ ಸರ ರಾಣಿಯ ದಿಂಬಿನ ಕೆಳಗೇ ಇತ್ತು, ಯಾರೂ ಹುಡುಕಿರಲಿಲ್ಲ.

ಅಂದಿನಿಂದ ಶ್ವೇತಶಿಲೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ರಿಸಿದರು. ಆರೋಪ ಹೊತ್ತವರೂ ಸಹ.